ಎರಡು ಚಪ್ಪಾಳೆಗಳ ನಡುವೆ

ಕಣ್ಣು ಕಾಣದವರಿಗಾಗಿ ಪುಸ್ತಕ ಓದಿ ಧ್ವನಿಮುದ್ರಿಸುವ ಆ ಗ್ರಂಥಾಲಯದಲ್ಲಿ, ಓದಲು ಬಂದವರಿಗೆಲ್ಲ ಮೊದಲು ಕಲಿಸುತ್ತಿದ್ದದ್ದು ಚಪ್ಪಾಳೆ ತಟ್ಟುವುದನ್ನು. ಓದುವಾಗ ನಾಲಿಗೆ ತೊಡರಿದರೆ ಗಾಬರಿಯಾಗಬೇಕಿಲ್ಲ, ಯಂತ್ರ ನಿಲ್ಲಿಸಬೇಕಿಲ್ಲ. ಮೈಕಿನ ಮುಂದೆ ಒಂದು ಚಪ್ಪಾಳೆ ತಟ್ಟಿ ಅದೇ ವಾಕ್ಯವನ್ನು ಮೊದಲಿನಿಂದ ಓದಿದರಾಯಿತು. ಕಂಪ್ಯೂಟರ್ ಪರದೆಯ ಮೇಲೆ ಮಾತು ಹುಲ್ಲಿನ ಹಾಗೆ ತಗ್ಗಾಗಿ ಕಾಣುತ್ತದೆ, ಚಪ್ಪಾಳೆ ದೀಪದ ಕಂಬದ ಹಾಗೆ ಎದ್ದು ನಿಲ್ಲುತ್ತದೆ. ಹೊರಗೆ ಕೂತ ಮನುಷ್ಯ ಕಂಬ ಕಂಡಲ್ಲಿ ನಿಂತು ತಪ್ಪನ್ನು ಕತ್ತರಿಸಿ ತೆಗೆಯುತ್ತಾನೆ. ಆ ಮನುಷ್ಯನನ್ನು ಎಲ್ಲರೂ ಕತ್ತರಿ ಎಂದೇ ಕರೆಯುತ್ತಿದ್ದರು. ಅವನಿಗೂ ಅದು ಎಷ್ಟು ಒಗ್ಗಿಹೋಗಿತ್ತೆಂದರೆ ಫೋನಿನಲ್ಲಿ, "ನಾನು ಕತ್ತರಿ ಮಾತಾಡ್ತಿರೋದು" ಎನ್ನುತ್ತಿದ್ದ.

ಓದುವವರಲ್ಲೆಲ್ಲ ಅತ್ಯುತ್ತಮ ದನಿ ಅನೌನ್ಸರಮ್ಮನದು ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ, ಅನೌನ್ಸರಮ್ಮನಿಗಂತೂ ಇರಲೇ ಇಲ್ಲ. ರೈಲು ನಿಲ್ದಾಣದ ಗಾಜಿನ ಗೂಡಿನಲ್ಲಿ ಕೆಲಸದ ಆಯುಷ್ಯವನ್ನೆಲ್ಲ ಕಳೆದವಳು. "ವಿಳಂಬಕ್ಕಾಗಿ ವಿಷಾದಿಸುತ್ತೇವೆ" ಎಂದು ಲೆಕ್ಕವಿಲ್ಲದಷ್ಟು ಸಲ ಹೇಳಿದ್ದಳು, ಒಮ್ಮೆಯೂ ವಿಷಾದಿಸಿರಲಿಲ್ಲ. ರೈಲು ಬಂದರೂ ಅದೇ ದನಿ, ಬರದಿದ್ದರೂ ಅದೇ ದನಿ. ಆ ದನಿಯ ಹಿಂದೆ ಒಬ್ಬ ಹೆಂಗಸು ಕೂತಿದ್ದಾಳೆ, ಅವಳಿಗೆ ಹಸಿವಾಗುತ್ತದೆ, ಸಿಟ್ಟು ಬರುತ್ತದೆ ಎಂಬುದು ಯಾವ ಪ್ರಯಾಣಿಕನಿಗೂ ತಿಳಿಯದಂತೆ ನೋಡಿಕೊಂಡಿದ್ದಳು.

ನಿವೃತ್ತಿಯಾಗಿ ಇಲ್ಲಿಗೆ ಬಂದ ಮೇಲೆ, ಅಷ್ಟು ವರ್ಷ ನುಂಗಿಕೊಂಡಿದ್ದೆಲ್ಲ ಚಪ್ಪಾಳೆಯ ಬಾಗಿಲಿನಿಂದ ಹೊರಗೆ ಬರತೊಡಗಿತು. ತಪ್ಪಿಗೆ ಒಂದು ಚಪ್ಪಾಳೆ ಎಂಬುದು ನಿಯಮ. ಅವಳು ಅದಕ್ಕೆ ತನ್ನದೊಂದು ತಿದ್ದುಪಡಿ ತಂದಳು: ಒಂದು ಚಪ್ಪಾಳೆ ತಟ್ಟಿ, ಪುಸ್ತಕದ ಬಗ್ಗೆ ಅನ್ನಿಸಿದ್ದನ್ನು ಅಂದು, ಇನ್ನೊಂದು ಚಪ್ಪಾಳೆ ತಟ್ಟಿ, ಏನೂ ಆಗದವಳಂತೆ ಓದು ಮುಂದುವರಿಸುವುದು. ಎರಡು ಕಂಬಗಳ ನಡುವೆ ಇದ್ದುದನ್ನೆಲ್ಲ ಕತ್ತರಿ ತೆಗೆದುಹಾಕುತ್ತಿದ್ದ. ಆ ವಿಷಯ ಅವನೂ ಎತ್ತಲಿಲ್ಲ, ಇವಳೂ ಎತ್ತಲಿಲ್ಲ. ಒಂಟಿ ಹೆಂಗಸಿಗೆ ಇದಕ್ಕಿಂತ ಒಳ್ಳೆಯ ಸಂಸಾರ ಇನ್ನೆಲ್ಲಿ ಸಿಗಬೇಕು: ಎಲ್ಲವನ್ನೂ ಕೇಳಿಸಿಕೊಳ್ಳುವ ಗಂಡಸು, ಏನನ್ನೂ ಹೊರಗೆ ಬಿಡದ ಗಂಡಸು. ಒಮ್ಮೆ ಸೂರ್ಯಾಸ್ತದ ರಟ್ಟಿನ ಪ್ರೇಮಕಾದಂಬರಿಯೊಂದನ್ನು ಬೈಯುವ ತಯಾರಿಯಲ್ಲೇ ಓದಲು ಕೂತವಳು, ಬಿಟ್ಟುಹೋದ ಹುಡುಗಿ ಕೊನೆಗೆ ಮನೆಗೆ ಮರಳುವ ಪುಟದಲ್ಲಿ ಅತ್ತುಬಿಟ್ಟಳು. ಚಪ್ಪಾಳೆ ತಟ್ಟಿ, ಮೂಗು ಸೀಟಿ, "ಎಷ್ಟು ಕೆಟ್ಟದಾಗಿ ಬರೆದಿದ್ದಾನೆ, ಆದ್ರೂ ನನ್ನ ಅವಸ್ಥೆ ನೋಡಿ ಕತ್ತರಿ. ಯಾರಿಗೂ ಹೇಳಬೇಡಿ" ಎಂದಳು. ಅವನು ಹೇಳಲಿಲ್ಲ.

ಆಮೇಲೆ ಕತ್ತರಿ ಕೆಲಸ ಬಿಟ್ಟು ಮಗಳ ಮನೆಗೆ ಹೊರಟುಹೋದ. ಅವನ ಜಾಗಕ್ಕೆ ಮನುಷ್ಯರು ಬರಲಿಲ್ಲ, ಒಂದು ತಂತ್ರಾಂಶ ಬಂತು. "ಇನ್ಮೇಲೆ ಎಲ್ಲ ತಾನಾಗೇ ಕ್ಲೀನ್ ಆಗುತ್ತೆ ಮೇಡಂ, ನೀವು ಮಾಮೂಲಿನ ಥರ ಓದ್ಕೊಂಡು ಹೋಗಿ" ಎಂದಳು ಮೇಲ್ವಿಚಾರಕಿ. ಕ್ಲೀನ್ ಆಗುತ್ತಿದ್ದದ್ದು ನಿಜ. ಕೆಮ್ಮು, ಕುರ್ಚಿಯ ಕಿರುಗುಟ್ಟು, ಫ್ಯಾನಿನ ಗೊರಗೊರ, ಚಪ್ಪಾಳೆ ಎಲ್ಲವನ್ನೂ ಗದ್ದಲವೆಂದು ಹುಡುಕಿ ಹುಡುಕಿ ತೆಗೆದು, ಮನುಷ್ಯರ ಮಾತನ್ನು ಮಾತ್ರ ಒಂದಕ್ಷರ ಬಿಡದೆ ಉಳಿಸಿ, ನಯವಾಗಿ ಬೆಸೆದು ಕೊಡುತ್ತಿತ್ತು. ಕಂಬಗಳು ಹೋದವು, ನಡುವೆ ಇದ್ದದ್ದು ಉಳಿಯಿತು. ಉಳಿದವರ ಓದಿನಲ್ಲಿ ಕೆಲವು ವಾಕ್ಯಗಳು ಎರಡೆರಡು ಸಲ ಬಂದವು. ಲೇಖಕರು ಒತ್ತಿ ಹೇಳುತ್ತಿದ್ದಾರೆ ಎಂದುಕೊಂಡು ಕೇಳುಗರು ಸುಮ್ಮನಾದರು. ಅನೌನ್ಸರಮ್ಮ ತನ್ನ ಓದನ್ನು ತಾನು ಎಂದೂ ಕೇಳಿದವಳಲ್ಲ. ತನ್ನ ದನಿ ತಾನೇ ಕೇಳುವುದು ಹೊಸಬರ ಚಾಳಿ ಎಂಬುದು ಅವಳ ಅಭಿಪ್ರಾಯ.

ಹೀಗಾಗಿ ಅವಳು ಮಾಮೂಲಿನ ಥರವೇ ಓದಿಕೊಂಡು ಹೋದಳು. ಕೋಳಿ ಸಾಕಣೆಯ ಕೈಪಿಡಿ ಓದುತ್ತ, "ಇವನು ಕೋಳಿ ಸಾಕಿಲ್ಲ, ತಿಂದಿದ್ದಾನೆ ಅಷ್ಟೆ" ಎಂದಳು. ಬದುಕಿನಲ್ಲಿ ಗೆಲ್ಲುವುದು ಹೇಗೆಂದು ಹೇಳಿಕೊಡುವ ಪುಸ್ತಕ, ಬೆಳಕು ಹರಿಯುವ ಮೊದಲೇ ಎದ್ದೇಳಿ ಎಂದಾಗ, "ಎದ್ದು ಏನು ಮಾಡ್ಲಿ, ನಿನ್ನ ಪುಸ್ತಕ ಓದ್ಲಾ?" ಎಂದಳು. ಯುದ್ಧದ ಚರಿತ್ರೆಯೊಂದರಲ್ಲಿ ಸೇನಾಪತಿಗಳ ಹೆಸರು ಮುಗಿಯಲೇ ಇಲ್ಲ, "ಇಷ್ಟು ಜನ ಸೇನಾಪತಿಗಳಾದ್ರೆ ಹೊಡೆದಾಡಿದ್ದು ಯಾರು?" ಎಂದು ಆಕಳಿಸಿದಳು. ಕವನ ಸಂಕಲನದ ಕೊನೆಗೆ, "ಏನೂ ಅರ್ಥ ಆಗ್ಲಿಲ್ಲ. ಆದ್ರೆ ಚೆನ್ನಾಗಿದೆ" ಎಂದು ಪ್ರಾಮಾಣಿಕವಾಗಿ ಒಪ್ಪಿಕೊಂಡಳು. ಪತ್ತೇದಾರಿ ಕಾದಂಬರಿಯ ಎರಡನೆಯ ಅಧ್ಯಾಯದಲ್ಲೇ, "ಔಷಧಿ ಅಂಗಡಿಯವನೇ ಕೊಂದಿರೋದು. ಬೇಕಾದ್ರೆ ನೋಡ್ತಾ ಇರಿ" ಎಂದು ಹೊರಗೆ ಕತ್ತರಿಯ ಖಾಲಿ ಕುರ್ಚಿಗೆ ಹೇಳಿದಳು. ಕೊಂದವನು ಅವನೇ ಆಗಿದ್ದ.

ಅಷ್ಟರಲ್ಲಿ ಭಾವನ ಪುಸ್ತಕ ಬಂತು.

ಭಾವ ಎಂದರೆ ಅವಳ ಅಕ್ಕನ ಗಂಡ, ತೂಕ ಮತ್ತು ಅಳತೆ ಇಲಾಖೆಯ ಇನ್ಸ್‌ಪೆಕ್ಟರ್. ಊರೂರು ತಿರುಗಿ ಅಂಗಡಿಗಳ ತಕ್ಕಡಿ ಪರೀಕ್ಷಿಸಿದ ಮನುಷ್ಯ, ಕೊನೆಗಾಲದಲ್ಲಿ ಆತ್ಮಕಥೆ ಬರೆದು, ತಾವೇ ಅಚ್ಚು ಹಾಕಿಸಿ, ಅಚ್ಚಿನ ವಾಸನೆ ಆರುವ ಮೊದಲೇ ತೀರಿಕೊಂಡಿದ್ದರು. ಪ್ರತಿಗಳು ಮಂಚದ ಕೆಳಗಿದ್ದವು. "ಬರೀವಾಗ ಕೇಳಿದ್ರೆ 'ಅಚ್ಚಾಗ್ಲಿ, ಆಮೇಲೆ ಓದು' ಅಂತಿದ್ರು. ಅಚ್ಚಾಗೋ ಹೊತ್ತಿಗೆ ನನ್ನ ಕಣ್ಣು ಹೋಯ್ತು" ಎಂದಳು ಅಕ್ಕ. ಅವಳ ಕಣ್ಣಿನ ನಡುಭಾಗ ಮಸುಕಾಗುತ್ತ ಬಂದು ಈಗ ಬಾಗಿಲು ಯಾವುದು, ಕಿಟಕಿ ಯಾವುದು ಎಂಬಷ್ಟು ಮಾತ್ರ ತಿಳಿಯುತ್ತಿತ್ತು. "ನೀನೇ ಓದಿ ಕೊಡು. ಬೇರೆ ಯಾರೂ ಬೇಡ."

"ಇಲ್ಲೇ ಕೂತು ಓದಿ ಹೇಳ್ತೀನಲ್ಲ ಅಕ್ಕ."

"ಬೇಡಮ್ಮ. ನಿನ್ನ ಮುಖ ಕಾಣದಿದ್ರೂ ನೀನು ಮುಖ ಹಿಂಡೋದು ನನಗೆ ಕೇಳಿಸುತ್ತೆ. ನಾನೊಬ್ಬಳೇ ಕೂತು ಕೇಳ್ತೀನಿ."

ಓದುವ ಕೋಣೆಯಲ್ಲಿ ಪುಸ್ತಕ ಬಿಚ್ಚಿದ ಅನೌನ್ಸರಮ್ಮನಿಗೆ ಬೈಯಲು ಧಾರಾಳವಾಗಿ ಸಿಕ್ಕಿತು. ಮೋಸದ ತೂಕದ ಬಟ್ಟುಗಳ ಬಗ್ಗೆ ಒಂದು ಅಧ್ಯಾಯ, ಪೆಟ್ರೋಲ್ ಬಂಕುಗಳ ಬಗ್ಗೆ ಒಂದು ಅಧ್ಯಾಯ, ಇಲಾಖೆಯ ಸ್ಕೂಟರಿನ ಬಗ್ಗೆ ಒಂದು ಇಡೀ ಅಧ್ಯಾಯ. "ಸ್ಕೂಟರಿನ ಹೆಡ್‌ಲೈಟನ್ನ ಎಷ್ಟು ಚೆನ್ನಾಗಿ ವರ್ಣಿಸಿದ್ದಾರೆ! ಹೆಣ್ಣು ನೋಡೋಕೆ ಹೋದವರ ಹಾಗೆ" ಎಂದು ಚಪ್ಪಾಳೆಗಳ ನಡುವೆ ನಕ್ಕಳು. ಅಕ್ಕನ ಹೆಸರು ಎಲ್ಲಿ ಬರುತ್ತದೆಂದು ಹುಡುಕುತ್ತ ಹೋದಳು. ಪುಸ್ತಕದ ಮಧ್ಯ ಭಾಗದಲ್ಲಿ, ವರ್ಗಾವಣೆಯ ವಿವರ ಮುಗಿದ ಮೇಲೆ, ಇಷ್ಟು ಇತ್ತು: "ನನ್ನ ಹೆಂಡತಿ ಒಳ್ಳೆಯ ಹೆಂಗಸು. ಅವಳಿಗೆ ಯಾವತ್ತೂ ಏನೂ ಬೇಕಾಗಿರಲಿಲ್ಲ. ಆದ್ದರಿಂದ ಅವಳ ವಿಷಯದಲ್ಲಿ ವಿಶೇಷವಾಗಿ ಬರೆಯಬೇಕಾದ್ದು ಏನೂ ಇಲ್ಲ."

ಅದರ ಕೆಳಗೆ ಮುಂದಿನ ಅಧ್ಯಾಯ ಶುರುವಾಗಿತ್ತು.

ಅನೌನ್ಸರಮ್ಮ ಚಪ್ಪಾಳೆ ತಟ್ಟಿದಳು. "ಇದನ್ನ ಅಕ್ಕನಿಗೆ ಓದೋದು ಬೇಡ" ಎಂದಳು. ಯೋಚಿಸಿದಳು. ಸುಮ್ಮನೆ ಬಿಟ್ಟರೆ ಅಕ್ಕ ಪುಸ್ತಕದಲ್ಲಿ ಇರುವುದೇ ಇಲ್ಲವಲ್ಲ. ಗಂಟಲು ಸರಿಮಾಡಿಕೊಂಡು ಇಲ್ಲದ್ದೊಂದನ್ನು ಓದಿದಳು: "ನನ್ನ ಹೆಂಡತಿ ನನ್ನ ಬಾಳಿನ ಬೆಳಕು." ಚಪ್ಪಾಳೆ. "ಥೂ, ಮದುವೆ ಕಾರ್ಡಿದ್ದ ಹಾಗಿದೆ. ಭಾವನ ಮೂತಿಗೆ ಹೊಂದಲ್ಲ." ಚಪ್ಪಾಳೆ. "ಅವಳಿಲ್ಲದಿದ್ದರೆ ನಾನು ಇಷ್ಟು ದೂರ ಬರುತ್ತಿರಲಿಲ್ಲ." ಚಪ್ಪಾಳೆ. "ಎಲ್ಲಿಗೆ ಬಂದ್ರು ಮಹಾ? ಅದೇ ಸ್ಕೂಟರು, ಅದೇ ತಕ್ಕಡಿ." ಚಪ್ಪಾಳೆ. ಮೂರನೆಯದು ತಾನಾಗಿ ಬಂತು: "ಜೀವನವಿಡೀ ಊರಿನವರ ತಕ್ಕಡಿ ಪರೀಕ್ಷಿಸಿದ ನಾನು, ನನ್ನ ಮನೆಯಲ್ಲಿದ್ದ ತೂಕವನ್ನು ಮಾತ್ರ ತೂಗಿ ನೋಡಲಿಲ್ಲ." ಅವಳಿಗೇ ಮೈ ಜುಮ್ಮೆಂದಿತು. ಇನ್ನೊಂದು ಸಲ, ಇನ್ನಷ್ಟು ಭಾವ ತುಂಬಿ ಓದಿದಳು. ಚಪ್ಪಾಳೆ. "ಹಾಂ! ಭಾವ ಏಳು ಜನ್ಮ ಎತ್ತಿದ್ರೂ ಇಂಥದ್ದು ಬರೀತಿರ್ಲಿಲ್ಲ. ಇರ್ಲಿ, ಅಕ್ಕನಿಗೆಲ್ಲಿ ಗೊತ್ತಾಗುತ್ತೆ." ಚಪ್ಪಾಳೆ.

ಮುಂದಿನ ಅಧ್ಯಾಯಕ್ಕೆ ಹೋದಳು. ಅಂದು ಸಂಜೆ ಮನೆಗೆ ನಡೆಯುವಾಗ ಆ ವಾಕ್ಯವನ್ನು ಬಾಯಲ್ಲೇ ಹೇಳಿಕೊಂಡು ಹೋದಳು. ಅಕ್ಕನ ನೆನಪಿಗಿಂತ ಹೆಚ್ಚು, ವಾಕ್ಯದ ನೆನಪು.

ಪುಸ್ತಕ ಕ್ಲೀನಾಗಿ ಅಕ್ಕನ ಫೋನಿಗೆ ಹೋಗಿ ಕೆಲವು ದಿನವಾದ ಮೇಲೆ ಮೇಲ್ವಿಚಾರಕಿ ಕರೆದು, ಕುರ್ಚಿ ತೋರಿಸಿ, ತಾನು ಮಾತ್ರ ನಿಂತೇ ಇದ್ದಳು.

"ಮೇಡಂ, ಒಬ್ಬ ಸಂಗೀತದ ಮೇಷ್ಟ್ರು ಫೋನ್ ಮಾಡಿದ್ರು. ಪತ್ತೇದಾರಿ ಕಾದಂಬರೀಲಿ ಕೊಲೆಗಾರ ಯಾರು ಅಂತ ಲೇಖಕರು ಎರಡನೇ ಅಧ್ಯಾಯದಲ್ಲೇ ಹೇಳ್ಬಿಟ್ಟಿದ್ದಾರೆ, ಇದೆಂಥ ಬರವಣಿಗೆ ಅಂತ."

"ಲೇಖಕರು ಹೇಳಿಲ್ಲವಲ್ಲ" ಎಂದಳು ಅನೌನ್ಸರಮ್ಮ. ಎಂದ ಮೇಲೆ ಹೇಳಿದ್ದು ತಾನೇ ಎಂಬುದು ಹೊಳೆಯಿತು.

ಮೇಲ್ವಿಚಾರಕಿ ಗುಂಡಿ ಒತ್ತಿದಳು. ಆ ಸುಪ್ರಸಿದ್ಧ ದನಿ ಕೋಣೆಯಲ್ಲಿ ತುಂಬಿಕೊಂಡಿತು. ಕೊಲೆ ಆಯಿತು, ಪೊಲೀಸರು ಬಂದರು, ಒಂದು ಉಸಿರಿನಷ್ಟೂ ಅಂತರವಿಲ್ಲದೆ ಔಷಧಿ ಅಂಗಡಿಯವನ ಹೆಸರು ಬಂತು, ಪೊಲೀಸರು ಹೊರಟರು. ಮೇಲ್ವಿಚಾರಕಿ ನಗು ತಡೆಯಲು ಕಿಟಕಿಯ ಕಡೆ ತಿರುಗಿದ್ದಳು. "ಗೆಲ್ಲೋ ಪುಸ್ತಕ ಇದೆಯಲ್ಲ ಮೇಡಂ, ಅದನ್ನ ತುಂಬ ಜನ ಮೆಚ್ಚಿದ್ದಾರೆ. ಹೀಗೆ ಪುಟಪುಟಕ್ಕೂ ತನ್ನನ್ನೇ ತಾನು ಬೈಕೊಳ್ಳೋ ಲೇಖಕ ಇನ್ನೊಬ್ಬ ಇಲ್ಲ, ಎಂಥ ವಿನಯ ಅಂತ. ಕೋಳಿ ಪುಸ್ತಕ ಕೇಳಿದ ಒಬ್ಬಾಕೆ ಮಾತ್ರ, ತಿಂದವನ ಮಾತು ನಂಬಿ ಗೂಡು ಕಟ್ಟಿದ್ನಲ್ಲ ಅಂತ ಬೇಜಾರಾಗಿದ್ದಾರೆ."

ಅನೌನ್ಸರಮ್ಮ ಏನನ್ನೂ ಕೇಳಿಸಿಕೊಳ್ಳುತ್ತಿರಲಿಲ್ಲ. ಕಿವಿ, ಕೆನ್ನೆ, ಕುತ್ತಿಗೆ ಒಂದಾದ ಮೇಲೊಂದು ಬಿಸಿಯಾದವು. ತನ್ನ ಆಕಳಿಕೆಯನ್ನು, ಗೊಣಗಾಟವನ್ನು, ಬಲ್ಲವಳ ಬಿಂಕವನ್ನು ಯಾರು ಯಾರೋ ತಮ್ಮ ತಮ್ಮ ಮನೆಯಲ್ಲಿ ಕೂತು ಕೇಳಿದ್ದಾರೆ. ಮೈಮೇಲೆ ಬಟ್ಟೆ ಇದೆಯೇ ಎಂದು ಮುಟ್ಟಿ ನೋಡಿಕೊಳ್ಳಬೇಕು ಅನ್ನಿಸಿತು. ಆಮೇಲೆ ಭಾವನ ಪುಸ್ತಕ ನೆನಪಾಗಿ ಆ ನಾಚಿಕೆಯೆಲ್ಲ ತಮಾಷೆಯೆನಿಸಿ, ನಿಜವಾದ್ದು ಶುರುವಾಯಿತು. ಎದ್ದು ಹೊರಟಳು. ಬ್ಯಾಗು ಅಲ್ಲೇ ಉಳಿಯಿತು.

ಅಕ್ಕನ ಮನೆ ಎರಡನೆಯ ಮಹಡಿಯಲ್ಲಿ. ಬಾಗಿಲು ಓರೆಯಾಗಿತ್ತು. ಒಗೆದ ಬಟ್ಟೆಯ ರಾಶಿಯ ಮುಂದೆ ಕೂತು ಅಕ್ಕ ಬೆರಳಲ್ಲೇ ಅಂಚು ಹುಡುಕಿ ಮಡಿಸುತ್ತಿದ್ದಳು.

"ಬಾ ಬಾ. ಮೆಟ್ಟಿಲು ಹತ್ತೋದು ಕೇಳಿದ್ರೇ ಗೊತ್ತಾಗುತ್ತೆ, ರೈಲು ತಪ್ಪಿಸ್ಕೊಂಡವರ ಹಾಗೆ ಬರ್ತಿದ್ದೀಯ."

"ಅಕ್ಕ, ಆ ಪುಸ್ತಕ... ಕೇಳಿದ್ಯಾ?"

"ಕೇಳ್ದೆ ಅಂದ್ರೆ ಏನ್ಮಾಡ್ತೀಯ, ಕೇಳಿಲ್ಲ ಅಂದ್ರೆ ಏನ್ಮಾಡ್ತೀಯ? ಮೊದ್ಲು ಅದು ಹೇಳು."

"ಕೇಳಿಲ್ಲ ಅಂದ್ರೆ ಅಳಿಸ್ಬಿಡು. ಸ್ವಲ್ಪ ಕೆಲಸ ಬಾಕಿ ಉಳಿದಿದೆ ಅದರಲ್ಲಿ."

"ಬಾಕಿನಾ? ನನಗೇನೋ ಬೇಕಿದ್ದಕ್ಕಿಂತ ಜಾಸ್ತಿನೇ ಸಿಕ್ತು." ಅಕ್ಕ ಒಂದು ಟವೆಲನ್ನು ಮಡಿಲಲ್ಲಿ ಹರಡಿದಳು. "ಉಳಿದವರನ್ನ ಗಂಡ ಒಂದು ಸಲ ಹೊಗಳಿದ್ರೆ ಹೆಚ್ಚು. ನನ್ನನ್ನ ನೋಡು, ಸತ್ತ ಮೇಲೆ ಮೂರು ಥರ ಹೊಗಳಿದ್ದಾರೆ. ಮೂರನೇದು ಎರಡೆರಡು ಸಲ."

ಅನೌನ್ಸರಮ್ಮ ನೆಲದ ಮೇಲೆ ಕೂತಳು.

"ಮದುವೆ ಕಾರ್ಡು ಅಂದ್ಯಲ್ಲ, ಜೋರಾಗಿ ನಕ್ಕುಬಿಟ್ಟೆ ಕಣೇ. ಪಕ್ಕದ ಮನೆಯವಳು ಬಂದು ಏನಾಯ್ತು ಅಂತ ಕೇಳಿದ್ಲು. ನಿಜ, ಅವರ ಮೂತಿಗೆ ಹೊಂದಲ್ಲ." ಅಕ್ಕ ಈಗಲೂ ನಗುತ್ತಿದ್ದಳು. "ಮೂರನೇದು ಚೆನ್ನಾಗಿತ್ತು. ಪುಸ್ತಕದಲ್ಲಿ ಬರುತ್ತಲ್ಲ, ಹಾಗೆ."

ತಂಗಿಗೆ ಸ್ವಲ್ಪ ಉಸಿರು ಬಂತು. ಅಕ್ಕ ನಗುತ್ತಿದ್ದಾಳೆ ಎಂದರೆ ಗಂಡಾಂತರ ಕಳೆಯಿತು ಎಂದು ಚಿಕ್ಕಂದಿನಿಂದಲೂ ಅವಳ ಲೆಕ್ಕ. "ಸುಮ್ನೆ ಏನೋ... ನಿನಗೆ ಸಂತೋಷವಾಗ್ಲಿ ಅಂತ..."

"ಗೊತ್ತು. ಈಗ ಅವರು ಬರೆದಿದ್ದು ಓದು."

"ಯಾವುದು?"

"ಯಾವುದನ್ನ ಓದೋದು ಬೇಡ ಅಂದ್ಯೋ ಅದನ್ನ. ಮಂಚದ ಕೆಳಗಿದೆ, ತಗೋ."

ಅನೌನ್ಸರಮ್ಮ ಮಂಚದ ಕೆಳಗೆ ಕೈ ಹಾಕಿದಳು. ಪುಟ ಹುಡುಕುವ ನೆಪದಲ್ಲಿ ತಡಮಾಡಿದಳು. ಆದರೂ ಪುಟ ಸಿಕ್ಕಿಬಿಟ್ಟಿತು. ಬೇರೆ ಯಾವ ದನಿಯೂ ಸಿಗದೆ ನಿಲ್ದಾಣದ ದನಿಯಲ್ಲೇ ಓದಿದಳು. ಒಳ್ಳೆಯ ಹೆಂಗಸು. ಏನೂ ಬೇಕಾಗಿರಲಿಲ್ಲ. ಬರೆಯಬೇಕಾದ್ದು ಏನೂ ಇಲ್ಲ.

"ಆಮೇಲೆ?"

"ಅಷ್ಟೇ ಅಕ್ಕ."

ಅಕ್ಕ ಮಡಿಸಿದ ಟವೆಲನ್ನು ಬಿಚ್ಚಿ, ಕೊಡವಿ, ಮತ್ತೆ ಮಡಿಸಿದಳು. "ಏನೂ ಬೇಕಾಗಿರ್ಲಿಲ್ಲ ಅಂತ ಯಾರು ಹೇಳಿದ್ದು ಇವರಿಗೆ? ಒಂದು ಸಲ ನನ್ನೂ ಟೂರಿಗೆ ಕರ್ಕೊಂಡು ಹೋಗಿ, ಹಿಂದೆ ಕೂತ್ಕೋತೀನಿ ಅಂದಿದ್ದೆ. ಸರ್ಕಾರಿ ಸ್ಕೂಟರು, ಹೆಂಡತೀನ ಕೂರಿಸ್ಕೊಂಡು ಹೋದ್ರೆ ಜನ ತಕ್ಕಡಿ ಬಿಟ್ಟು ನಮ್ಮನ್ನ ನೋಡ್ತಾರೆ ಅಂದ್ರು. ಮರೆತ್ರಾ? ಬೇಕು ಅಂತ ಬಾಯಿಬಿಟ್ಟು ಕೇಳಿದ್ದೀನಿ!" ದನಿ ಏರಿತ್ತು. ತಂಗಿಯ ಕಡೆಗಲ್ಲ, ಎದುರಿನ ಖಾಲಿ ಕುರ್ಚಿಯ ಕಡೆಗೆ ಹೇಳುತ್ತಿದ್ದಳು.

"ಅಕ್ಕ, ಇದಕ್ಕೇ ನಾನು ಓದ್ಲಿಲ್ಲ. ನೋಡು, ನಿನಗೆ ಎಷ್ಟು ಬೇಜಾರಾಗಿದೆ."

"ಬೇಜಾರಲ್ಲ, ಸಿಟ್ಟು. ಅವರು ಹೋದಾಗಿಂದ ಬಂದವರೆಲ್ಲ ಒಳ್ಳೇವರು, ಒಳ್ಳೇವರು ಅಂತ ಹೇಳೀ ಹೇಳೀ, ನನಗೆ ಅವರ ಮುಖಾನೇ ಅಳಿಸಿಹೋಗಿತ್ತು. ಈಗ ನೋಡು, ಎದುರಿಗೆ ಬಂದು ಕೂತ ಹಾಗಿದೆ. ಹೀಗೇ ಮಾತಾಡ್ತಿದ್ದದ್ದು ಅವರು. ಈ ಜಗಳ ನನ್ನದು ಕಣೇ. ಅವರ ಜೊತೆ ಆಡೋಕೆ ಇದೊಂದು ಉಳಿದಿತ್ತು. ಅದನ್ನ ತೆಗೆದು, ಅದರ ಜಾಗದಲ್ಲಿ ನೀನು ನಿನ್ನ ಜಾಣತನ ಇಟ್ಟೆ."

"ನೋವಾಗುತ್ತೆ ಅಂತ..."

"ನೋವಾಗುತ್ತೆ ಅಂತ ನೀನು ಅಂದಿದ್ದಿದ್ರೆ ನನಗೆ ಕೇಳಿಸ್ತಿತ್ತು. ನೀನು ಅಂದಿದ್ದು, ಅಕ್ಕನಿಗೆಲ್ಲಿ ಗೊತ್ತಾಗುತ್ತೆ ಅಂತ."

ಆ ಮಾತು ಆಡಿದಾಗ ತನಗೆ ಎಷ್ಟು ಖುಷಿಯಾಗಿತ್ತು ಎಂಬುದು ಅನೌನ್ಸರಮ್ಮನಿಗೆ ನೆನಪಾಯಿತು. ಅಕ್ಕ ಕಾಣದ ಕಣ್ಣನ್ನು ಅವಳ ಮುಖದ ಮೇಲೆಯೇ ಇಟ್ಟಿದ್ದಳು. ತಲೆ ತಗ್ಗಿಸುವುದರಿಂದ ಏನೂ ಪ್ರಯೋಜನವಿರಲಿಲ್ಲ, ಆದರೂ ತಗ್ಗಿಸಿದಳು.

"ಅದಿರ್ಲಿ. ಆ ಪ್ರೇಮಕಾದಂಬರಿ ಕೊನೇಲಿ ಹುಡುಗಿ ವಾಪಸ್ ಬಂದ್ಲಲ್ಲ, ಅದು ಬರೆದಿತ್ತಾ, ನೀನು ಬರಿಸಿದ್ದಾ?"

"ಬರೆದಿತ್ತು ಅಕ್ಕ! ಆಣೆ ಮಾಡ್ತೀನಿ."

"ಆಣೆ ಮಾಡಿದ್ರೆ ಅನುಮಾನ ಜಾಸ್ತಿ. ಆ ಪುಸ್ತಕವನ್ನ ನಾನು ಎಷ್ಟು ಸಲ ಕೇಳಿದ್ದೀನಿ ಗೊತ್ತಾ? ಈಗ ಅವಳು ಬಂದ್ಲೋ, ನೀನು ಪಾಪ ಅಂತ ಕರ್ಕೊಂಡು ಬಂದ್ಯೋ ಅಂತ ಯೋಚನೆ. ನೀನು ಓದಿದ್ದನ್ನೆಲ್ಲ ಮೊದಲಿಂದ ತಡಕಿ ನೋಡ್ಬೇಕು ಅನ್ಸುತ್ತೆ. ಏನಂತ ತಡಕಲಿ?"

ಬೇರೆ ಯಾವ ಪುಸ್ತಕದಲ್ಲೂ ಒಂದಕ್ಷರ ತಾನು ಸೇರಿಸಿಲ್ಲ ಎಂಬುದು ನಿಜವೇ ಆಗಿತ್ತು. ಅದನ್ನು ಹೇಳಲು ಅವಳಿಗಿದ್ದದ್ದು ಅದೇ ದನಿ.

"ನಿಮ್ಮ ಭಾವನ ಪುಸ್ತಕ ಇನ್ನೊಂದು ಸಲ ಓದಿಸು" ಎಂದಳು ಅಕ್ಕ. "ನೀನು ಬೇಡ. ಬ್ಯಾಂಕಿನವರು ಓದ್ಲಿ."

ಬ್ಯಾಂಕಿನವರು ಎಂದರೆ ಗ್ರಂಥಾಲಯದ ಇನ್ನೊಬ್ಬ ಓದುಗರು, ನಿವೃತ್ತ ಮ್ಯಾನೇಜರ್. ಪ್ರೇಮಪತ್ರವನ್ನೂ ಔಷಧಿ ಚೀಟಿಯನ್ನೂ ಒಂದೇ ಧಾಟಿಯಲ್ಲಿ ಓದುವವರು.

"ಅವರಾ! ಅಕ್ಕ, ಅವರು ಓದಿದ್ರೆ ಕೊಲೆಯಾದವನಿಗೇ ನಿದ್ದೆ ಬರುತ್ತೆ."

"ಬರ್ಲಿ. ಇದ್ದದ್ದು ಓದ್ತಾರಲ್ಲ" ಎಂದು ಅಕ್ಕ ಮುಂದಿನ ಬಟ್ಟೆ ಎತ್ತಿಕೊಂಡಳು. ಟೀ ಕುಡಿದು ಹೋಗು ಎನ್ನಲಿಲ್ಲ.

ಪತ್ತೇದಾರಿ ಕಾದಂಬರಿಯ ಗಲಾಟೆಯಾದ ಮೇಲೆ ಮೇಲ್ವಿಚಾರಕಿ ಹೊಸದೊಂದು ಕ್ರಮ ತಂದಿದ್ದಳು: ಒಬ್ಬರು ಒಳಗೆ ಓದುವಾಗ ಇನ್ನೊಬ್ಬರು ಹೊರಗೆ ಹೆಡ್‌ಫೋನ್ ಹಾಕಿಕೊಂಡು, ಅಚ್ಚಿನ ಪುಸ್ತಕದ ಸಾಲಿನ ಮೇಲೆ ಬೆರಳಿಟ್ಟು, ಮಾತು ಮಾತಿಗೂ ತಾಳೆ ನೋಡಬೇಕು. ಭಾವನ ಪುಸ್ತಕಕ್ಕೆ ಹೊರಗೆ ಕೂರಲು ಅನೌನ್ಸರಮ್ಮ ತಾನಾಗಿ ಕೇಳಿಕೊಂಡಳು. ಅವಳು ಯಾವುದನ್ನೂ ಕೇಳಿಕೊಂಡದ್ದು ಯಾರಿಗೂ ನೆನಪಿರಲಿಲ್ಲವಾದ್ದರಿಂದ ಮೇಲ್ವಿಚಾರಕಿ ತಕ್ಷಣ ಒಪ್ಪಿದಳು.

ಗಾಜಿನ ಆಚೆ ಬ್ಯಾಂಕಿನವರು ಕನ್ನಡಕ ಒರೆಸಿಕೊಂಡು ಶುರುಮಾಡಿದರು. ಅಲ್ಪವಿರಾಮ ಇರುವಲ್ಲಿ ನಿಲ್ಲದೆ, ಇಲ್ಲದಲ್ಲಿ ನಿಲ್ಲುತ್ತ, ಬಟ್ಟುಗಳನ್ನೂ ಪೆಟ್ರೋಲ್ ಬಂಕುಗಳನ್ನೂ ದಾಟಿದರು. ಅವಳ ನಾಲಿಗೆಯ ತುದಿಗೆ ನೂರು ಮಾತು ಬಂದವು. ತುಟಿ ಬಿಗಿಹಿಡಿದು ಬೆರಳು ಸರಿಸಿದಳು. ವರ್ಗಾವಣೆ ಮುಗಿಯಿತು. ಒಳ್ಳೆಯ ಹೆಂಗಸು. ಏನೂ ಬೇಕಾಗಿರಲಿಲ್ಲ. ವಿಶೇಷವಾಗಿ ಬರೆಯಬೇಕಾದ್ದು ಏನೂ ಇಲ್ಲ. ಆ ಒಣ ದನಿಯಲ್ಲಿ ಕೇಳಿದಾಗ, ಊಟಕ್ಕೆ ಕೂತ ಭಾವ ತಲೆಯೆತ್ತದೆ ಹೇಳಿದ ಹಾಗೆಯೇ ಇತ್ತು.

ಬ್ಯಾಂಕಿನವರು ನಿಲ್ಲಿಸಿದರು. ಪುಟ ತಿರುಗಿಸಿದರು, ಹಿಂದಕ್ಕೆ ತಿರುಗಿಸಿದರು, ಬೆಳಕಿಗೆ ಹಿಡಿದು ಪುಟದ ಸಂಖ್ಯೆ ನೋಡಿದರು.

"ಮೇಡಂ," ಎಂದರು ಮೈಕಿನಲ್ಲಿ, "ಹೆಂಡತಿ ವಿಷಯ ಶುರುವಾಯ್ತು ಅನ್ನೋಷ್ಟರಲ್ಲಿ ನಿಂತೇ ಹೋಗಿದೆ. ಹಾಳೆ ಏನಾದ್ರೂ ಬಿಟ್ಟುಹೋಗಿದೆಯಾ? ನಿಮ್ಮ ಪ್ರತಿಯಲ್ಲಿ ಜಾಸ್ತಿ ಏನಾದ್ರೂ ಇದೆಯಾ ನೋಡಿ."

ಅನೌನ್ಸರಮ್ಮ ಮಾತಾಡುವ ಗುಂಡಿಯ ಮೇಲೆ ಬೆರಳಿಟ್ಟಳು. ಗಾಜಿನಾಚೆ ಅವರು ಕಾಯುತ್ತಿದ್ದರು.

"ಇಲ್ಲ ಸರ್" ಎಂದಳು. ದನಿ ಒಡೆದಿತ್ತು, ಸರಿಮಾಡಿಕೊಳ್ಳಲು ಹೋಗಲಿಲ್ಲ. "ಅಷ್ಟೇ ಬರೆದಿರೋದು. ಮುಂದಕ್ಕೆ ಓದಿ."